ಅಪ್ಪ ಅಮ್ಮನಿಗೆ ಬಿಸಿನೆಸ್ ಕ್ಲಾಸ್‌ನಲ್ಲಿ ಯಾವ ಸೀಟು ಆರಿಸಲಿ?

ಎಪ್ಪತ್ತು ದಾಟಿದ ಅಪ್ಪ ಅಮ್ಮನನ್ನು ಮೊದಲ ಸಲ ಅಮೆರಿಕಕ್ಕೆ ಕರೆಸಿಕೊಳ್ಳುತ್ತಿದ್ದೀರಿ. ಬೆಂಗಳೂರಿನಿಂದ ಗಲ್ಫ್ ಮೂಲಕ, ಬಿಸಿನೆಸ್ ಕ್ಲಾಸ್‌ನಲ್ಲಿ. ಎಲ್ಲಕ್ಕಿಂತ ಮುಂದಿನ ಸಾಲೇ ಒಳ್ಳೆಯದಾ, ಕಿಟಕಿ ಪಕ್ಕ ಕೊಡಿಸಲಾ ಅಂತ ಕೇಳಿದ್ದೀರಿ. ಮುಂದಿನ ಸಾಲಿನ ವಿಷಯ ಆಮೇಲೆ ಹೇಳುತ್ತೇನೆ. ಕಿಟಕಿಯೊಂದನ್ನೇ ನೋಡಿ ಸೀಟು ತೆಗೆಯಬೇಡಿ. ನಾನು ಹಾಗೆ ಮಾಡಿದ್ದೆ, ಅದರ ಕಷ್ಟ ಅನುಭವಿಸಿದ್ದು ನನ್ನ ಅಮ್ಮ.

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ತಂಗಿ ಚಿಕಾಗೋದಲ್ಲಿದ್ದಾಳೆ. ಅವಳ ಬಾಣಂತನಕ್ಕೆ ಅಂತ ಅಮ್ಮನನ್ನು ಕರೆದುಕೊಂಡು ಹೊರಟೆ. ಆಗ ಅಮ್ಮನಿಗೆ 66. ಬಲ ಮೊಣಕಾಲು ಸರಿಯಾಗಿ ಮಡಚಲು ಬರುತ್ತಿರಲಿಲ್ಲ. ಅಷ್ಟು ಹೊತ್ತು ಕೂತು ಹೋಗುವುದು ಬೇಡ ಅಂತ ತಂಗಿ, ಅವಳ ಗಂಡ, ನಾನು ಸೇರಿ ದುಡ್ಡು ಹಾಕಿ ಬಿಸಿನೆಸ್ ಟಿಕೆಟ್ ಮಾಡಿಸಿದೆವು. ಎರಡು ತಿಂಗಳು ಮೊದಲೇ ಅಕ್ಕಪಕ್ಕದ ಎರಡು ಸೀಟು ಆರಿಸಿಟ್ಟಿದ್ದೆ. ಹೊರಡುವ ದಿನ ನೋಡಿದರೆ ಕಂಪನಿಯವರು ವಿಮಾನವನ್ನೇ ಬದಲಾಯಿಸಿದ್ದರು. ಒಂದು ಮಾತು ತಿಳಿಸಿರಲಿಲ್ಲ. ನಮ್ಮ ಸೀಟು ಹೋಗಿತ್ತು. ಕೌಂಟರ್‌ನಲ್ಲಿ ಉಳಿದದ್ದು ಬೇರೆ ಬೇರೆ ಸಾಲಿನ ಎರಡು. ಕಿಟಕಿ ಪಕ್ಕದ್ದು ಅಮ್ಮನಿಗೆ ಇರಲಿ ಅಂತ ನಾನೇ ಹೇಳಿದೆ.

ಆ ವಿಮಾನದಲ್ಲಿ ಸೀಟುಗಳು ಎರಡೆರಡಾಗಿ ಇದ್ದವು. ಊಟ ಆಯಿತು, ದೀಪ ಆರಿಸಿದರು. ಅಮ್ಮನ ಪಕ್ಕದವರು ಸೀಟನ್ನು ಹಾಸಿಗೆ ಮಾಡಿಕೊಂಡು ಉದ್ದಕ್ಕೆ ಮಲಗಿದರು. ಹೊರಗೆ ಬರಬೇಕಾದರೆ ಅಮ್ಮ ಅವರ ಕಾಲು ದಾಟಬೇಕು. ಸರಿ ಇರುವ ಮೊಣಕಾಲಿನವರಿಗೇ ಅದು ಕಷ್ಟ. ನಾನು ನಾಲ್ಕು ಸಾಲು ಹಿಂದೆ ನಿದ್ದೆ ಮಾಡಿದ್ದೆ. ಬೆಳಿಗ್ಗೆ ಹೋಗಿ ನೋಡಿದರೆ ಅಮ್ಮನ ನೀರಿನ ಬಾಟಲಿಯ ಮುಚ್ಚಳವನ್ನೇ ತೆರೆದಿಲ್ಲ. ಯಾಕಮ್ಮ ಅಂದೆ. "ನೀರು ಕುಡಿದ್ರೆ ಏಳ್ಬೇಕಾಗ್ತದೆ. ಪಾಪ, ಅವರ ನಿದ್ದೆ ಯಾಕೆ ಕೆಡಿಸೋದು" ಅಂದರು. ಇಳಿಯುವಾಗ ಪಾದ ಊದಿಕೊಂಡು ಚಪ್ಪಲಿ ಹಿಡಿಸಲಿಲ್ಲ.

ನಮ್ಮ ಊರಿನ ಹಿರಿಯರು ಹೀಗೇ ಅಲ್ವಾ? ಬೇರೆಯವರಿಗೆ ತೊಂದರೆ ಆಗಬಾರದು ಅಂತ ತಾವು ಸುಮ್ನೆ ಕೂರುತ್ತಾರೆ. ಹಾಗಾಗಿ ಸೀಟು ಆರಿಸುವಾಗ ಮೊದಲ ಪ್ರಶ್ನೆ ಇದೇ ಆಗಿರಲಿ: ಮಧ್ಯರಾತ್ರಿ ಇವರು ಯಾರನ್ನೂ ಎಬ್ಬಿಸದೆ ಎದ್ದು ಹೋಗಬಹುದಾ?

ಅದನ್ನು ತಿಳಿಯಲು ಸೀಟ್ ಮ್ಯಾಪ್‌ನಲ್ಲಿ ಒಂದು ಸಾಲಿನ ಲೆಕ್ಕ ನೋಡಿದರೆ ಸಾಕು. 1-2-1 ಅಂತಿದ್ದರೆ, ಅಂದರೆ ಎಡ ಕಿಟಕಿಗೆ ಒಂದು, ನಡುವೆ ಎರಡು, ಬಲ ಕಿಟಕಿಗೆ ಒಂದು ಸೀಟು ಇದ್ದರೆ, ಪ್ರತಿ ಸೀಟಿನಿಂದಲೂ ನೇರ ಐಲ್‌ಗೆ, ಅಂದರೆ ನಡೆಯುವ ದಾರಿಗೆ, ಕಾಲಿಡಬಹುದು. 2-2-2 ಇದ್ದರೆ ಕಿಟಕಿ ಪಕ್ಕದವರು ಒಳಗೆ ಸಿಕ್ಕಿಹಾಕಿಕೊಳ್ಳುತ್ತಾರೆ. 2-3-2 ಇದ್ದರೆ ನಡುವಿನವರೂ ಹಾಗೇ. ಟಿಕೆಟ್‌ನಲ್ಲಿ 'ಬಿಸಿನೆಸ್' ಅಂತ ಬರೆದಿದ್ದರೆ ಇದು ಯಾವುದೂ ಗೊತ್ತಾಗುವುದಿಲ್ಲ. ಒಂದೇ ಕಂಪನಿಯಲ್ಲೇ ಎರಡು ಮೂರು ತರ ಇರುತ್ತದೆ. ಎಮಿರೇಟ್ಸ್ 2022ರ ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ಎರಡು ಮಹಡಿಯ ಎ380 ವಿಮಾನ ತಂದಿತು. ಅದರ ಮೇಲಿನ ಮಹಡಿಯಲ್ಲಿ ಬಿಸಿನೆಸ್ ಕ್ಲಾಸ್ 1-2-1. ಅದೇ ಕಂಪನಿಯ ಹಳೆಯ 777 ವಿಮಾನಗಳಲ್ಲಿ 2-3-2. 2024ರಿಂದ ಆ 777ಗಳನ್ನೂ ಒಂದೊಂದಾಗಿ 1-2-1ಕ್ಕೆ ಬದಲಾಯಿಸುತ್ತಿದ್ದಾರೆ. ಹಾಗಾಗಿ '777' ಅಂತ ಓದಿ ಬಿಟ್ಟರೆ ಆಗದು, ಮ್ಯಾಪ್ ತೆರೆದು ಸೀಟು ಎಣಿಸಲೇಬೇಕು. ಕತಾರ್ ಏರ್‌ವೇಸ್‌ನ ಬಾಗಿಲಿರುವ ಬಿಸಿನೆಸ್ ಸೀಟು, ಕ್ಯೂಸೂಟ್, 2017ರಲ್ಲಿ ಬಂತು, ಚೆನ್ನಾಗಿದೆ, ಆದರೆ ಅವರ ಎಲ್ಲ ವಿಮಾನದಲ್ಲೂ ಅದು ಇಲ್ಲ. ಏರ್ ಇಂಡಿಯಾದ ಎ350 2024ರ ಜನವರಿಯಲ್ಲಿ ಹಾರಾಟ ಶುರು ಮಾಡಿತು. ಅದರಲ್ಲೂ 1-2-1, ಬಾಗಿಲೂ ಉಂಟು.

ಇನ್ನು ನಿಮ್ಮ ಮುಂದಿನ ಸಾಲಿನ ವಿಷಯ. ಇದಕ್ಕೆ ಸ್ವಲ್ಪ ವಿವರವಾಗಿ ಹೇಳಬೇಕು. ಯಾಕೆಂದರೆ ಫೋಟೋ ನೋಡಿದರೆ ಗೊತ್ತಾಗದ ಸಂಗತಿ ಇದು.

ಬಿಸಿನೆಸ್ ಕ್ಲಾಸ್‌ನಲ್ಲಿ ಪೂರ್ತಿ ಚಪ್ಪಟೆಯಾಗುವ ಹಾಸಿಗೆಯನ್ನು 2000ದಲ್ಲಿ ಮೊದಲು ತಂದದ್ದು ಬ್ರಿಟಿಷ್ ಏರ್‌ವೇಸ್. ಮನುಷ್ಯ ಮಲಗಲು ಆರು ಅಡಿಗಿಂತ ಜಾಸ್ತಿ ಉದ್ದ ಬೇಕು. ಅಷ್ಟು ಉದ್ದವನ್ನು ಒಂದೊಂದು ಸೀಟಿಗೂ ಬೇರೆಯಾಗಿ ಕೊಟ್ಟರೆ ವಿಮಾನದಲ್ಲಿ ಜಾಗ ಸಾಲುವುದಿಲ್ಲ. ಹಾಗಾಗಿ ಈಗಿನ ಹೆಚ್ಚಿನ ಸೀಟುಗಳಲ್ಲಿ ನಿಮ್ಮ ಪಾದ ಹೋಗುವುದು ಮುಂದಿನವರ ಸೀಟಿನ ಪಕ್ಕದ ಮೇಜಿನ ಅಡಿಗೆ. ನಮ್ಮ ಹಳೆ ಮನೆಗಳ ಗೋಡೆಯಲ್ಲಿ ದೀಪ ಇಡುವ ಗೂಡು ಇರುತ್ತದಲ್ಲ, ಹೆಚ್ಚುಕಡಿಮೆ ಆ ತರ ಒಂದು ಗೂಡು. ಕಾಲನ್ನು ಅದರೊಳಗೆ ತೂರಿಸಿ ಮಲಗಬೇಕು. ಅಂಗಾತ ಮಲಗುವವರಿಗೆ ಅಷ್ಟು ತೊಂದರೆ ಇಲ್ಲ. ಮಗ್ಗುಲಾಗಿ ಮಲಗಿ ಮೊಣಕಾಲು ಮಡಚುವವರಿಗೆ, ಪದೇ ಪದೇ ಮಗ್ಗುಲು ಬದಲಾಯಿಸುವವರಿಗೆ ಕಷ್ಟ. ಎರಡೂ ಪಾದ ಒಟ್ಟಿಗೆ ತಿರುಗುವುದಿಲ್ಲ. ಎಳೆದು ಹೊರತೆಗೆದು, ತಿರುಗಿ, ಮತ್ತೆ ತೂರಿಸಬೇಕು.

ಆದರೆ ಒಂದು ಕೋಣೆಯ, ಅಂದರೆ ಕ್ಯಾಬಿನ್‌ನ, ಮೊದಲ ಸಾಲಿನಲ್ಲಿ ಎದುರು ಬೇರೆ ಸೀಟು ಇಲ್ಲ, ಗೋಡೆ ಮಾತ್ರ. ಇದಕ್ಕೆ ಬಲ್ಕ್‌ಹೆಡ್ ಅನ್ನುತ್ತಾರೆ. ಮೇಜಿನ ಅಡಿಗೆ ಕಾಲು ತೂರಿಸುವ ಅಗತ್ಯ ಇಲ್ಲದ ಕಾರಣ ಅಲ್ಲಿ ಪಾದದ ಜಾಗ ಅಗಲ. ಕಾಲು ನೋವಿನವರಿಗೆ ಮುಂದಿನ ಸಾಲು ಒಳ್ಳೆಯದು ಅನ್ನುವುದಕ್ಕೆ ನಿಜವಾದ ಕಾರಣ ಇದೇ. ಇನ್ನೊಂದು ವಿಷಯ, ಕೆಲವು ವಿಮಾನಗಳಲ್ಲಿ ಬಿಸಿನೆಸ್ ಕ್ಲಾಸ್ ಎರಡು ಕೋಣೆಯಾಗಿ ಇರುತ್ತದೆ. ಆಗ ಎರಡನೇ ಕೋಣೆಯ ಮೊದಲ ಸಾಲಿನಲ್ಲೂ ಸಾಮಾನ್ಯವಾಗಿ ಈ ಅಗಲ ಸಿಗುತ್ತದೆ. ಒಂದನೇ ಸಾಲು ಹೋಗಿದ್ದರೆ ಅದನ್ನು ನೋಡಿ.

ಪೂರ್ವದ ದಾರಿಯಲ್ಲಿ ಹೋಗುವವರು ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು. ಸಿಂಗಾಪುರ್ ಏರ್‌ಲೈನ್ಸ್‌ನ ದೂರ ಹೋಗುವ ಎ350ಯಲ್ಲಿ ಸೀಟು ತುಂಬಾ ಅಗಲ, ಕೂರಲು ಸುಖ. ಆದರೆ ಹಾಸಿಗೆ ಮಾಡಲು ಎದ್ದು ನಿಂತು ಬೆನ್ನಿನ ಭಾಗವನ್ನು ಮಗುಚಬೇಕು, ಓರೆಯಾಗಿ ಮಲಗಬೇಕು. ಹಿರಿಯರು ಅದನ್ನು ತಾವೇ ಮಾಡಲು ಹೋಗದೆ ಸಿಬ್ಬಂದಿಯನ್ನು ಕರೆಯಲಿ.

ಮುಂದಿನ ಸಾಲಿನ ತೊಂದರೆ ಎರಡು. ಹತ್ತಿರದಲ್ಲೇ ಗ್ಯಾಲಿ, ಅಂದರೆ ಅಡುಗೆ ಜಾಗ, ಇರುತ್ತದೆ. ಪರದೆ ಸರಿಸಿದಾಗೆಲ್ಲ ಬೆಳಕು ಬೀಳುತ್ತದೆ, ಪಾತ್ರೆ ಸದ್ದು ಕೇಳುತ್ತದೆ. ಎರಡನೆಯದು, ಎಳೆ ಮಕ್ಕಳ ತೊಟ್ಟಿಲು ಸಿಕ್ಕಿಸುವುದೂ ಅದೇ ಗೋಡೆಗೆ. ಮಗು ಅಳಬಹುದು. ನನ್ನ ಪ್ರಕಾರ ಕಾಲು ನೋವು ಇರುವವರಿಗೆ ಇವೆರಡನ್ನೂ ಸಹಿಸಬಹುದು. ನಿದ್ದೆ ತೆಳು, ಕಾಲು ಸರಿ ಇದೆ ಅನ್ನುವವರಿಗೆ ಕೋಣೆಯ ನಡುವಿನ ಸಾಲೇ ಮೇಲು. ಟಾಯ್ಲೆಟ್ ಮೂರು ನಾಲ್ಕು ಸಾಲು ದೂರ ಇದ್ದರೆ ಸರಿ. ತೀರಾ ಪಕ್ಕದಲ್ಲಿದ್ದರೆ ರಾತ್ರಿಯಿಡೀ ಬಾಗಿಲ ಸದ್ದು. ಎಮಿರೇಟ್ಸ್ ಎ380ರಲ್ಲಿ ಮೇಲಿನ ಮಹಡಿಯ ಕೊನೆಗೆ ಬಾರ್ ಇದೆ, ಜನ ನಿಂತು ಮಾತಾಡುತ್ತಾರೆ. ಹಿಂದಿನ ಸಾಲು ಬೇಡ.

ಅಪ್ಪ ಅಮ್ಮ ಇಬ್ಬರೂ ಒಟ್ಟಿಗೆ ಹೋಗುತ್ತಿರುವುದರಿಂದ ನಡುವಿನ ಜೋಡಿ ಸೀಟು ನೋಡಿ. ಇಲ್ಲಿಯೂ ಒಂದು ಸೂಕ್ಷ್ಮ ಇದೆ. ಎಮಿರೇಟ್ಸ್ ಎ380ರಲ್ಲಿ ಒಂದು ಸಾಲಿನ ನಡುವೆ ಇ ಮತ್ತು ಎಫ್ ಸೀಟು ಇರುತ್ತದೆ, ಅದರ ಹಿಂದಿನ ಸಾಲಿನಲ್ಲಿ ಡಿ ಮತ್ತು ಜಿ. ಇ-ಎಫ್ ಒಂದಕ್ಕೊಂದು ತಾಗಿದ ಹಾಗಿದೆ, ಕೈ ಚಾಚಿದರೆ ಮುಟ್ಟಬಹುದು. ಡಿ-ಜಿ ಐಲ್‌ನ ಕಡೆಗೆ ಸರಿದಿದೆ, ನಡುವೆ ಮೇಜುಗಳು. ಮ್ಯಾಪ್‌ನಲ್ಲಿ ಎರಡೂ ಜೋಡಿಯಂತೆಯೇ ಕಾಣುತ್ತದೆ. ಅಮ್ಮನಿಗೆ ಮಾತ್ರೆ ನೆನಪಿಸುವುದು ಅಪ್ಪ, ಅಪ್ಪನಿಗೆ ಟಿವಿ ಹಾಕಿಕೊಡುವುದು ಅಮ್ಮ ಅನ್ನುವ ಮನೆಯಾದರೆ ಇ-ಎಫ್ ತೆಗೆಯಿರಿ. ಏಳುವಾಗ ಹಿಡಿದುಕೊಳ್ಳಲು, ಕಾಲನ್ನು ಸೀದಾ ಹೊರಗೆ ಇಡಲು ಅನುಕೂಲ ಬೇಕಿದ್ದರೆ ಡಿ-ಜಿ. ಕಿಟಕಿ ಕಡೆಯೂ ಇದೇ ಕಥೆ. ಎ ಮತ್ತು ಕೆ ನಿಜವಾಗಿ ಕಿಟಕಿಗೆ ತಾಗಿರುವಂಥವು, ಬಿ ಮತ್ತು ಜೆ ಐಲ್‌ಗೆ ಹತ್ತಿರ. ಕ್ಯೂಸೂಟ್‌ನಲ್ಲಿ ಕಿಟಕಿಗೆ ತಾಗಿದ ಸೀಟುಗಳು ಹಿಂದಕ್ಕೆ ಮುಖ ಮಾಡಿರುತ್ತವೆ. ಬಸ್ಸಿನಲ್ಲಿ ಹಿಂದಕ್ಕೆ ತಿರುಗಿ ಕೂತರೆ ತಲೆ ಸುತ್ತುವವರಿಗೆ ಅದು ಬೇಡ.

ನೋವಿರುವ ಕಾಲು ಯಾವುದು ಅಂತಲೂ ಕೇಳಿಕೊಳ್ಳಿ. ಎಡಗಡೆಯ ಕಿಟಕಿ ಸಾಲಿನಲ್ಲಿ ಕೂತರೆ ಐಲ್ ಬಲಕ್ಕೆ ಬರುತ್ತದೆ. ಬಲಗಡೆಯ ಸಾಲಿನಲ್ಲಿ ಎಡಕ್ಕೆ. ಮಡಚಲು ಬಾರದ ಕಾಲು ಐಲ್ ಕಡೆಗಿದ್ದರೆ ಏಳುವುದು ಸುಲಭ. ಅಮ್ಮನದು ಬಲಗಾಲು. ಆದ್ದರಿಂದ ಈಗ ಐಲ್ ಅವರ ಬಲಕ್ಕೆ ಬರುವ ಸೀಟನ್ನೇ ಹುಡುಕುತ್ತೇನೆ.

ಬಿಸಿಲಿನ ಬಗ್ಗೆ ಚಿಕ್ಕದಾಗಿ: ಗಲ್ಫ್‌ನಿಂದ ಅಮೆರಿಕಕ್ಕೆ ಹಗಲಲ್ಲಿ ಹೋಗುವಾಗ ಎಡಗಡೆ ದಕ್ಷಿಣ, ಬಿಸಿಲು ಆ ಕಡೆ ಜಾಸ್ತಿ. ಬಲಗಡೆ ತಂಪು.

ವಿಮಾನ ಆರಿಸುವ ಅವಕಾಶ ಇನ್ನೂ ಇದ್ದರೆ 787 ಅಥವಾ ಎ350 ನೋಡಿ. ವಿಮಾನದೊಳಗಿನ ಗಾಳಿಯ ಒತ್ತಡ ಬೆಟ್ಟದ ಮೇಲಿನ ಹಾಗೆ ಇರುತ್ತದೆ. ಈ ಎರಡರಲ್ಲಿ ಅದು ಸುಮಾರು 6,000 ಅಡಿ ಎತ್ತರದ್ದು, ಅಂದರೆ ಮುಳ್ಳಯ್ಯನಗಿರಿಯ ತುದಿಗಿಂತ ಸ್ವಲ್ಪ ಕೆಳಗೆ. ಬೇರೆ ವಿಮಾನಗಳಲ್ಲಿ 8,000 ಅಡಿಯವರೆಗೂ ಹೋಗಬಹುದು, ಅದು ಊಟಿಯ ದೊಡ್ಡಬೆಟ್ಟದ ಹತ್ತಿರ ಹತ್ತಿರ. ಉಸಿರಿನ ತೊಂದರೆ ಇರುವ ಹಿರಿಯರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಆದರೆ 2-3-2ರ ನಡುವಿನ ಸೀಟು ಕೊಟ್ಟು ಒಳ್ಳೆ ಗಾಳಿ ಕೊಟ್ಟರೆ ಪ್ರಯೋಜನ ಇಲ್ಲ. ಸೀಟೇ ಮೊದಲು.

ಬೆಂಗಳೂರಿನಿಂದ ಗಲ್ಫ್‌ವರೆಗಿನ ನಾಲ್ಕು ಗಂಟೆಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅಲ್ಲಿಂದ ಮುಂದಿನ 14 ಗಂಟೆಗೆ ನಿಮ್ಮ ಗಮನ ಇರಲಿ.

ನಮ್ಮ ಕಡೆ ಟಿಕೆಟ್ ಮಾಡಿಸುವುದು ಹೆಚ್ಚಾಗಿ ಪೇಟೆಯ ಟ್ರಾವೆಲ್ಸ್‌ನವರ ಹತ್ತಿರ. ಅವರಿಂದ ವಿಮಾನ ಕಂಪನಿಯ ಆರು ಅಕ್ಷರದ ಪಿಎನ್‌ಆರ್ ಕೇಳಿ ತೆಗೆದುಕೊಳ್ಳಿ. ಅದಿದ್ದರೆ ಕಂಪನಿಯ ಆ್ಯಪ್‌ನಲ್ಲಿ ನೀವೇ ಸೀಟು ಆರಿಸಬಹುದು. ಟಿಕೆಟ್ ಮಾಡುವ ಮೊದಲೇ ಸೀಟು ಪುಕ್ಕಟೆಯಾ ಅಂತಲೂ ಕೇಳಿ. ಎಮಿರೇಟ್ಸ್‌ನ ಅತಿ ಕಡಿಮೆ ದರದ ಬಿಸಿನೆಸ್ ಟಿಕೆಟ್‌ಗೆ ಮುಂಚಿತವಾಗಿ ಸೀಟು ಆರಿಸಲು ಬೇರೆ ದುಡ್ಡು. ಬ್ರಿಟಿಷ್ ಏರ್‌ವೇಸ್‌ನಲ್ಲೂ ಎಷ್ಟೋ ಬಿಸಿನೆಸ್ ಟಿಕೆಟ್‌ಗಳಿಗೆ ಹಾಗೆ. ಕಿಟಕಿ, ಮೇಜು ಎಲ್ಲಿವೆ ಅಂತ ಅಳತೆಗೆ ಸರಿಯಾಗಿ ಬರೆದ ಚಿತ್ರ ಬೇಕಿದ್ದರೆ ಏರೋಲೋಪಾ ತಾಣ ನೋಡಿ. ಕಂಪನಿಯ ಮ್ಯಾಪ್‌ಗಿಂತ ಅದು ಸ್ಪಷ್ಟ. ಆಮೇಲೆ ವಾರಕ್ಕೊಮ್ಮೆ, ಕೊನೆಯ ಮೂರು ದಿನ ದಿನಾ, ಆ್ಯಪ್ ತೆರೆದು ಸೀಟು ನಂಬರ್ ಹಾಗೇ ಇದೆಯಾ ಅಂತ ನೋಡಿ. ವಿಮಾನ ಬದಲಾಗಿದ್ದರೆ ಆಗಲೇ ಫೋನ್ ಮಾಡಿ. ಕೌಂಟರ್‌ಗೆ ಬಂದ ಮೇಲೆ ಆಯ್ಕೆ ಉಳಿದಿರುವುದಿಲ್ಲ, ನಮಗೆ ಆದದ್ದು ಅದೇ. ವೀಲ್‌ಚೇರ್ ಕೂಡ ಟಿಕೆಟ್ ಜೊತೆಗೇ ಹೇಳಿಡಿ. ಮೆಟ್ಟಿಲು ಹತ್ತಲು ಆಗುತ್ತದಾ ಇಲ್ಲವಾ ಅನ್ನುವುದನ್ನು ಬಿಡಿಸಿ ಹೇಳಬೇಕು. ಎರಡಕ್ಕೂ ಬೇರೆ ಬೇರೆ ಕೋಡ್ ಇದೆ.

ಎರಡನೇ ಸಲ ಹೋದದ್ದು ಮೂರು ವರ್ಷ ಕಳೆದು. 1-2-1, ಕೋಣೆಯ ಮೊದಲ ಸಾಲು, ನಡುವಿನ ಜೋಡಿ. ಸಿಬ್ಬಂದಿಯಲ್ಲಿ ಒಬ್ಬಳು ಪಯ್ಯನ್ನೂರಿನ ಹುಡುಗಿ. ಅಮ್ಮ "ಮೋಳೇ", ಅಂದರೆ ಮಗಳೇ, ಅಂತ ಕರೆದು ಮಲಯಾಳದಲ್ಲಿ ಶುರು ಮಾಡಿದರು. ಅವಳು ಹಾಸಿಗೆ ಹಾಸಿಕೊಟ್ಟು, ಬಲಗಾಲಿನ ಅಡಿಗೆ ಇನ್ನೊಂದು ದಿಂಬು ಇಟ್ಟಳು. ಪಾದದ ಜಾಗ ಅಗಲ ಇದ್ದದ್ದಕ್ಕೆ ಆ ದಿಂಬು ಹಿಡಿಯಿತು. ಗೂಡಿನಂಥ ಜಾಗವಾಗಿದ್ದರೆ ಕಾಲು ಮಾತ್ರ ಹೋಗುತ್ತಿತ್ತು. ರಾತ್ರಿ ನನಗೆ ಎಚ್ಚರ ಆದಾಗ ಪಕ್ಕದ ಸೀಟು ಖಾಲಿ. ಅಮ್ಮ ಐಲ್‌ನಲ್ಲಿ ಸೀಟಿನ ಅಂಚು ಹಿಡಿದುಕೊಂಡು ಮೆಲ್ಲ ನಡೆದು ಬರುತ್ತಿದ್ದರು. "ಯಾರನ್ನೂ ಎಬ್ಬಿಸ್ಲಿಲ್ಲ" ಅಂದರು. ಬಾಟಲಿ ಅರ್ಧ ಖಾಲಿ ಆಗಿತ್ತು.

ನಿಮ್ಮ ವಿಮಾನದ ನಂಬರ್ ಮತ್ತು ತಾರೀಕು ಇಲ್ಲೇ ಕೆಳಗೆ ಬರೆಯಿರಿ, ಪಿಎನ್‌ಆರ್ ಮಾತ್ರ ಹಾಕಬೇಡಿ. ಮ್ಯಾಪ್ ನೋಡಿ ಎರಡು ಸೀಟು ಹೇಳುತ್ತೇನೆ. ಅದಕ್ಕೆ ಮೊದಲು ಮನೆಗೆ ಫೋನ್ ಮಾಡಿ, ಅಪ್ಪ ಅಮ್ಮ ಯಾವ ಮಗ್ಗುಲಲ್ಲಿ ಮಲಗುತ್ತಾರೆ, ರಾತ್ರಿ ಎಷ್ಟು ಸಲ ಏಳುತ್ತಾರೆ ಅಂತ ಕೇಳಿ.