ನರಶಸ್ತ್ರಚಿಕಿತ್ಸೆ ಮತ್ತು ಬೆನ್ನುಹುರಿ: ವೈದ್ಯ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಹೊಸ ಉಪಕರಣ, ಹೊಸ ವಿಧಾನಗಳ ಬಗ್ಗೆ. ಅವುಗಳ ಜೊತೆಗೆ, ಮೊದಲು ರೋಗಿಯನ್ನು ನೋಡುವ ವೈದ್ಯರ ಮೇಜಿನ ಮೇಲೆಯೇ ತೀರ್ಮಾನವಾಗುವ ಎರಡು ಪ್ರಶ್ನೆಗಳನ್ನೂ ಆರಿಸಿಕೊಂಡಿದ್ದೇವೆ.

ಪ್ರಶ್ನೆ: 74 ವರ್ಷದವರೊಬ್ಬರಿಗೆ ಕ್ರಾನಿಕ್ ಸಬ್‌ಡ್ಯೂರಲ್ ಹೆಮಟೋಮಾ (ಮಿದುಳಿನ ಹೊರಪೊರೆಯಡಿ ನಿಧಾನವಾಗಿ ರಕ್ತ ತುಂಬಿಕೊಳ್ಳುವುದು) ಆಗಿದೆ. ‘ತಲೆಗೆ ತೂತು ಕೊರೆಯುವುದು ಬೇಡ, ರಕ್ತನಾಳ ಮುಚ್ಚುವ ಹೊಸ ಚಿಕಿತ್ಸೆ ಇದೆಯಂತಲ್ಲ’ ಎನ್ನುತ್ತಾರೆ ಮನೆಯವರು. ಅದೊಂದೇ ಸಾಕೇ?

ಉತ್ತರ: ಕೈಕಾಲಿನ ಬಲ ಕುಂದಿದ್ದರೆ, ಮಂಪರು ಇದ್ದರೆ ಅಥವಾ ಸಿಟಿಯಲ್ಲಿ ಮಿದುಳಿನ ನಡುಗೆರೆ ಗಣನೀಯವಾಗಿ ಸರಿದಿದ್ದರೆ ಸಾಲದು. ಆ ಹೊಸ ಚಿಕಿತ್ಸೆ, ಅಂದರೆ ಮಿದುಳಿನ ಹೊರಪೊರೆಗೆ ರಕ್ತ ಒಯ್ಯುವ ಮಿಡಲ್ ಮೆನಿಂಜಿಯಲ್ ಅಪಧಮನಿಯನ್ನು ಒಳಗಿನಿಂದ ಮುಚ್ಚುವ ಎಂಬೊಲೈಸೇಷನ್, ಒಳಗಿರುವ ರಕ್ತವನ್ನು ಹೊರತೆಗೆಯುವುದಿಲ್ಲ. ಹೆಮಟೋಮಾದ ಹೊರಪೊರೆಯಲ್ಲಿ ಹೊಸದಾಗಿ ಹುಟ್ಟಿ ಮತ್ತೆ ಮತ್ತೆ ಸೋರುವ ಸಣ್ಣ ನಾಳಗಳಿಗೆ ರಕ್ತ ಬರುವ ದಾರಿಯನ್ನಷ್ಟೇ ಅದು ಕಟ್ಟುತ್ತದೆ. ಈಗಾಗಲೇ ತುಂಬಿಕೊಂಡದ್ದು ಕರಗಲು ವಾರಗಳೇ ಬೇಕು. ಒತ್ತಡ ಈಗಲೇ ಇಳಿಯಬೇಕಾದ ರೋಗಿಗೆ ಬರ್ ಹೋಲ್ (ತಲೆಬುರುಡೆಗೆ ತೂತು ಕೊರೆದು ರಕ್ತ ಹೊರಬಿಡುವುದು) ಬೇಕೇ ಬೇಕು.

ಎಂಬೊಲೈಸೇಷನ್‌ನ ಲಾಭ ಸ್ಪಷ್ಟವಾಗಿ ಕಾಣುವುದು ಶಸ್ತ್ರಚಿಕಿತ್ಸೆಯ ಜೊತೆಗೆ ಮಾಡಿದಾಗ. 2024ರಲ್ಲಿ ಪ್ರಕಟವಾದ ಎಂಬೊಲೈಸ್ ಪ್ರಯೋಗದಲ್ಲಿ, 90 ದಿನಗಳೊಳಗೆ ರಕ್ತ ಮತ್ತೆ ತುಂಬಿ ಇನ್ನೊಮ್ಮೆ ಶಸ್ತ್ರಚಿಕಿತ್ಸೆ ಬೇಕಾದವರು ಬರೀ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ. 11.3, ಎಂಬೊಲೈಸೇಷನ್ ಸೇರಿಸಿದ ಗುಂಪಿನಲ್ಲಿ ಶೇ. 4.1. ಅದೇ ವರ್ಷದ ಮ್ಯಾಜಿಕ್-ಎಂಟಿ ಪ್ರಯೋಗದಲ್ಲಿ ಮುಖ್ಯ ಫಲಿತಾಂಶದ ವ್ಯತ್ಯಾಸ ಸಂಖ್ಯಾಶಾಸ್ತ್ರದ ಗೆರೆ ದಾಟಲಿಲ್ಲ. ಹಾಗಾಗಿ ಎಲ್ಲರಿಗೂ ಮಾಡಬೇಕೆಂದು ಹೇಳಲಾಗದು. ಮರುಕಳಿಸುವ ಸಂಭವ ಹೆಚ್ಚಿರುವವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ಬೇಗನೆ ಮತ್ತೆ ಶುರುಮಾಡಲೇಬೇಕಾದವರಿಗೆ, ಒಮ್ಮೆ ಮರುಕಳಿಸಿದವರಿಗೆ ಮೊದಲ ಆದ್ಯತೆ ಎಂಬುದು ನಮ್ಮ ಅಭಿಪ್ರಾಯ.

ಕ್ಯಾಥೆಟರ್ ಹಾಕುವವರು ಮರೆಯಬಾರದ ಒಂದು ಅಂಗರಚನೆ ಇದೆ. ಕೆಲವರಲ್ಲಿ ಈ ಅಪಧಮನಿಗೂ ಕಣ್ಣಿನ ಆಫ್ಥಾಲ್ಮಿಕ್ ಅಪಧಮನಿಗೂ ನೇರ ಸಂಪರ್ಕವಿರುತ್ತದೆ. ಅದರ ಪೆಟ್ರೋಸಲ್ ಕವಲು ಮುಖದ ನರಕ್ಕೆ ರಕ್ತ ಕೊಡುತ್ತದೆ. ಕಣಗಳಾಗಲಿ ದ್ರವವಾಗಲಿ ಅತ್ತ ಹರಿದರೆ ಕುರುಡುತನ ಅಥವಾ ಮುಖದ ಪಾರ್ಶ್ವವಾಯು ಬರಬಹುದು. ಮೈಕ್ರೋಕ್ಯಾಥೆಟರ್ ಇಟ್ಟಮೇಲೆ ಇನ್ನೊಮ್ಮೆ ಆಂಜಿಯೋಗ್ರಾಂ ತೆಗೆದು, ಈ ಎರಡೂ ಕವಲುಗಳನ್ನು ದಾಟಿದ್ದೇವೆಂದು ಖಚಿತವಾದ ಮೇಲಷ್ಟೇ ಮುಚ್ಚಬೇಕು.

ಹೊಸತರ ಭರಾಟೆಯಲ್ಲಿ ಹಳೆಯದನ್ನು ಬಿಡಬಾರದು. ಬರ್ ಹೋಲ್ ಮಾಡಿದ ಮೇಲೆ ಡ್ರೇನ್ (ಉಳಿದ ದ್ರವ ಹೊರಹರಿಯುವ ಕೊಳವೆ) ಇಡುವುದರಿಂದಲೇ ಮರುಕಳಿಕೆ ಶೇ. 24ರಿಂದ ಶೇ. 9.3ಕ್ಕೆ ಇಳಿಯಿತೆಂದು 2009ರ ಪ್ರಯೋಗ ತೋರಿಸಿತು. ಸ್ಕ್ಯಾನ್ ನೋಡುವಾಗಲೂ ಒಂದು ಬಲೆ ಇದೆ: ಎರಡು ಮೂರು ವಾರ ಹಳೆಯದಾದ ರಕ್ತ ಸಿಟಿಯಲ್ಲಿ ಮಿದುಳಿನದೇ ಬಣ್ಣಕ್ಕೆ ಬರುತ್ತದೆ. ಎರಡೂ ಬದಿಯಲ್ಲಿದ್ದರೆ ನಡುಗೆರೆಯೂ ಸರಿಯುವುದಿಲ್ಲ. ವಯಸ್ಸಾದವರ ಸಿಟಿಯಲ್ಲಿ ಮಿದುಳಿನ ಮಡಿಕೆಗಳ ನಡುವಿನ ಸೀಳುಗಳು ಯುವಕರದ್ದರಂತೆ ಮುಚ್ಚಿಕೊಂಡು ಕಂಡರೆ ‘ಸಹಜ’ ಎಂದು ಬರೆಯುವ ಮೊದಲು ಮತ್ತೊಮ್ಮೆ ನೋಡಿ.

ಪ್ರಶ್ನೆ: ಸೊಂಟನೋವು, ಕಾಲಿಗಿಳಿಯುವ ನೋವಿನವರು ದಿನವೂ ಬರುತ್ತಾರೆ. ಕಾಡಾ ಇಕ್ವೈನಾ ಸಿಂಡ್ರೋಮ್ (ಬೆನ್ನುಹುರಿಯ ತುದಿಯ ನರಗುಚ್ಛ ಒತ್ತಿಹೋಗುವುದು) ತಪ್ಪಿಹೋಗದಂತೆ ಐದು ನಿಮಿಷದಲ್ಲಿ ಏನೇನು ನೋಡಬೇಕು?

ಉತ್ತರ: ಮೊದಲು ಬಾಯಿಬಿಟ್ಟು ಕೇಳಿ. ಮೂತ್ರ ತುಂಬಿದ್ದು ಗೊತ್ತಾಗುತ್ತದೆಯೇ? ಹೋಗುವಾಗ ಹರಿಯುವುದು ತಿಳಿಯುತ್ತದೆಯೇ? ತಿಣುಕಬೇಕಾಗುತ್ತದೆಯೇ? ಶೌಚದ ನಂತರ ಒರೆಸಿಕೊಳ್ಳುವಾಗ, ತೊಳೆದುಕೊಳ್ಳುವಾಗ ಸ್ಪರ್ಶ ಮೊದಲಿನಂತಿದೆಯೇ? ಲೈಂಗಿಕ ಸಂವೇದನೆ ಬದಲಾಗಿದೆಯೇ? ರೋಗಿ ತಾನಾಗಿ ಇದನ್ನು ಹೇಳುವುದು ಅಪರೂಪ. ನೋವು ಒಂದು ಕಾಲಿನಿಂದ ಎರಡೂ ಕಾಲಿಗೆ ಹರಡಿದ್ದರೆ ಅದೇ ಎಚ್ಚರಿಕೆ.

ಆಮೇಲೆ ಪರೀಕ್ಷೆ. ಗುದದ್ವಾರದ ಸುತ್ತ, ಎರಡೂ ಬದಿಯಲ್ಲಿ, ಚುಚ್ಚುವ ಸ್ಪರ್ಶವನ್ನು ಬೇರೆ ಬೇರೆಯಾಗಿ ನೋಡಿ; ಒಂದೇ ಬದಿಯ ಮರಗಟ್ಟುವಿಕೆಯೂ ಲೆಕ್ಕಕ್ಕೆ ಬರುತ್ತದೆ. ಗುದಸ್ನಾಯುವಿನ ಬಿಗಿ ನೋಡಬೇಕು, ಆದರೆ ಅದು ಪರೀಕ್ಷಿಸುವವರ ಬೆರಳಿನಿಂದ ಬೆರಳಿಗೆ ಬದಲಾಗುವ ಲಕ್ಷಣ. ‘ಬಿಗಿ ಚೆನ್ನಾಗಿದೆ’ ಎಂಬ ಒಂದೇ ಆಧಾರದ ಮೇಲೆ ಮನೆಗೆ ಕಳಿಸಬೇಡಿ.

ಹೆಚ್ಚು ನೆಚ್ಚಬಹುದಾದದ್ದು ಮೂತ್ರ ಹೋಗಿಬಂದ ಕೂಡಲೇ ಮಾಡುವ ಬ್ಲಾಡರ್ ಸ್ಕ್ಯಾನ್. 200 ಮಿಲಿಗಿಂತ ಹೆಚ್ಚು ಉಳಿದಿದ್ದರೆ ಅನುಮಾನ ಬಲವಾಗುತ್ತದೆ. ಕಡಿಮೆ ಇದ್ದರೆ ಸಂಭವ ಇಳಿಯುತ್ತದೆ, ಇಲ್ಲವಾಗುವುದಿಲ್ಲ. ಆರಂಭದ ಹಂತದಲ್ಲಿ ಮೂತ್ರಕೋಶ ಇನ್ನೂ ಕೆಲಸ ಮಾಡುತ್ತಿರುತ್ತದೆ. ಕ್ಯಾಥೆಟರ್ ಹಾಕಿದರೆ ಮೊದಲ ಬಾರಿಗೆ ಬಂದ ಪ್ರಮಾಣವನ್ನು ಬರೆದಿಡಿ, ಬಲೂನು ಉಬ್ಬಿಸಿದ ಮೇಲೆ ಮೆಲ್ಲಗೆ ಎಳೆದು ರೋಗಿಗೆ ತಿಳಿಯಿತೇ ಎಂದು ಕೇಳಿ. ಎಂಟುನೂರು ಮಿಲಿ ತುಂಬಿದ್ದೂ ನೋವಿಲ್ಲದಿದ್ದರೆ ಅನುಮಾನಕ್ಕೆ ಇನ್ನೇನೂ ಆಧಾರ ಬೇಕಿಲ್ಲ.

ತಪ್ಪುವುದು ಸಾಮಾನ್ಯವಾಗಿ ಎರಡು ಕಡೆ. ತುಂಬಿ ತೊಟ್ಟಿಕ್ಕುವ ಮೂತ್ರವನ್ನು ಸೋಂಕೆಂದು ತಿಳಿದು ಆ್ಯಂಟಿಬಯಾಟಿಕ್ ಬರೆಯುವುದು ಒಂದು. ಮೂತ್ರ ಕಟ್ಟಿದ್ದನ್ನು ಟ್ರಮಡಾಲ್‌ನಂಥ ನೋವುನಿವಾರಕದ ತಲೆಗೆ ಕಟ್ಟುವುದು ಇನ್ನೊಂದು. ಔಷಧದಿಂದಲೂ ಹಾಗಾಗಬಹುದು ನಿಜ, ಆದರೆ ಅದು ಎಂಆರ್‌ಐ ನೋಡಿದ ಮೇಲೆ ಬರಬೇಕಾದ ತೀರ್ಮಾನ.

ಎಂಆರ್‌ಐ ಅದೇ ದಿನ, ರಾತ್ರಿಯಾದರೂ. ಸೊಂಟದ ಭಾಗದಲ್ಲಿ ಏನೂ ಕಾಣದಿದ್ದರೆ ಅಲ್ಲಿಗೇ ನಿಲ್ಲಿಸದೆ ಇಡೀ ಬೆನ್ನುಹುರಿ ನೋಡಿ. ಎದೆಭಾಗದ ಗಡ್ಡೆಯೂ ಹೀಗೆಯೇ ಬರಬಹುದು. ಶಸ್ತ್ರಚಿಕಿತ್ಸೆಗೆ 48 ಗಂಟೆ ಎಂಬ ಸಂಖ್ಯೆ ಎಲ್ಲರ ಬಾಯಲ್ಲೂ ಇದೆ. ಅದನ್ನು ಕೈಯಲ್ಲಿರುವ ಕಾಲಾವಕಾಶವೆಂದು ಓದಿಕೊಳ್ಳುವುದು ದೊಡ್ಡ ತಪ್ಪು. ಮೂತ್ರ ಇನ್ನೂ ಪೂರ್ತಿ ಕಟ್ಟದ ಹಂತದಲ್ಲೇ ಒತ್ತಡ ತೆಗೆದರೆ ಮೂತ್ರಕೋಶ ಉಳಿಯುವ ಸಂಭವ ಹೆಚ್ಚು. ಕಟ್ಟಿದ ಮೇಲೆ ಮಾಡಿದ ಶಸ್ತ್ರಚಿಕಿತ್ಸೆ ಎಷ್ಟೇ ಚೆನ್ನಾಗಿದ್ದರೂ ಫಲ ಅಷ್ಟಕ್ಕಷ್ಟೆ. ಕಳಿಸುವ ಚೀಟಿಯಲ್ಲಿ ಲಕ್ಷಣ ಶುರುವಾದ ಗಂಟೆ, ಉಳಿದ ಮೂತ್ರದ ಅಳತೆ, ಸ್ಪರ್ಶದ ವಿವರ ಇರಲಿ.

ಪ್ರಶ್ನೆ: ಎರಡೂ ಕೈ ಜೋಮು. ಕಾರ್ಪಲ್ ಟನೆಲ್ (ಮಣಿಕಟ್ಟಿನಲ್ಲಿ ಒತ್ತಿದ ನರ ಬಿಡಿಸುವ) ಶಸ್ತ್ರಚಿಕಿತ್ಸೆ ಆಗಿಯೂ ಗುಣವಿಲ್ಲ. ಕುತ್ತಿಗೆನೋವು ಇಲ್ಲವೇ ಇಲ್ಲ. ಮುಂದೇನು?

ಉತ್ತರ: ಕುತ್ತಿಗೆಯ ಎಂಆರ್‌ಐ. ಸವೆತದಿಂದ ಬೆನ್ನುಹುರಿ ಒತ್ತಿಹೋಗುವ ಸರ್ವೈಕಲ್ ಮೈಲೋಪತಿಗೆ ಕುತ್ತಿಗೆನೋವು ಇರಲೇಬೇಕೆಂದಿಲ್ಲ. ಗುಂಡಿ ಹಾಕಿಕೊಳ್ಳಲು ತಡವರಿಸುತ್ತಾರೆಯೇ, ಅಕ್ಷರ ಕೆಟ್ಟಿದೆಯೇ, ಮೆಟ್ಟಿಲಿಳಿಯುವಾಗ ಕಂಬಿ ಹಿಡಿಯುತ್ತಾರೆಯೇ ಎಂದು ಕೇಳಿ. ಮುಷ್ಟಿ ಪೂರ್ತಿ ಬಿಗಿದು ಪೂರ್ತಿ ಬಿಡಿಸುವುದನ್ನು 10 ಸೆಕೆಂಡು ಎಣಿಸಿ. 20ಕ್ಕಿಂತ ಕಡಿಮೆಯಾದರೆ ಅನುಮಾನಿಸಿ. ಹಾಫ್‌ಮನ್ ಚಿಹ್ನೆ (ನಡುಬೆರಳಿನ ಉಗುರು ಚಿಮ್ಮಿದಾಗ ಹೆಬ್ಬೆರಳು ಮಡಚುವುದು) ನೋಡಿ, ಹಿಮ್ಮಡಿಗೆ ಬೆರಳು ತಾಗಿಸಿ ಗೆರೆಯ ಮೇಲೆ ನಡೆಸಿ. ಮಧುಮೇಹದ ನರರೋಗವೂ ಇದ್ದರೆ ಪ್ರತಿವರ್ತನೆಗಳು ಚುರುಕಾಗದೆ ಸಹಜದಂತೆ ಕಂಡು ಮೋಸಮಾಡುತ್ತವೆ. ಸೊಂಟದ ಸ್ಟೆನೋಸಿಸ್ (ನರನಾಳ ಕಿರಿದಾಗುವುದು) ಎಂದು ಬಂದವರ ಮೊಣಕಾಲಿನ ಪ್ರತಿವರ್ತನೆ ಚುರುಕಾಗಿದ್ದರೆ ಅವರ ಕುತ್ತಿಗೆಯನ್ನೂ ನೋಡಲೇಬೇಕು.

ಮೈಲೋಪತಿಯ ತೀವ್ರತೆ ಅಳೆಯುವ 18 ಅಂಕಗಳ ಎಂಜೆಒಎ ಮಾಪನದಲ್ಲಿ 15ರಿಂದ 17 ಸೌಮ್ಯ, 12ರಿಂದ 14 ಮಧ್ಯಮ, 11 ಮತ್ತು ಅದಕ್ಕಿಂತ ಕೆಳಗೆ ತೀವ್ರ. 2017ರ ಎಒ ಸ್ಪೈನ್ ಮಾರ್ಗಸೂಚಿಯಂತೆ ಮಧ್ಯಮ ಮತ್ತು ತೀವ್ರಕ್ಕೆ ಶಸ್ತ್ರಚಿಕಿತ್ಸೆ. ಸೌಮ್ಯಕ್ಕೆ ಶಸ್ತ್ರಚಿಕಿತ್ಸೆ ಅಥವಾ ಮೇಲ್ವಿಚಾರಣೆಯಲ್ಲಿ ಪುನಶ್ಚೇತನ. ಕೆಡುತ್ತಿದ್ದರೆ ತಡಮಾಡದೆ ಶಸ್ತ್ರಚಿಕಿತ್ಸೆ. ಇಂಥವರಿಗೆ ಬೇರೆ ಯಾವ ಶಸ್ತ್ರಚಿಕಿತ್ಸೆಯಾದರೂ ಅರಿವಳಿಕೆಯವರಿಗೆ ಮೊದಲೇ ತಿಳಿಸಿ. ಟ್ಯೂಬ್ ಹಾಕುವಾಗ ಕುತ್ತಿಗೆ ಹಿಂದಕ್ಕೆ ಬಾಗಬಾರದು, ರಕ್ತದೊತ್ತಡ ಕುಸಿಯಬಾರದು.

ಪ್ರಶ್ನೆ: ಡಿಸ್ಕ್‌ಗೆ ಎಂಡೋಸ್ಕೋಪಿ, ಬೆನ್ನೆಲುಬಿನ ಸ್ಕ್ರೂಗಳಿಗೆ ನ್ಯಾವಿಗೇಷನ್ (ಪರದೆಯ ಚಿತ್ರ ನೋಡಿ ದಾರಿ ಹಿಡಿಯುವುದು). ರೋಗಿಗಳನ್ನು ಅಲ್ಲಿಗೇ ಕಳಿಸಬೇಕೇ?

ಉತ್ತರ: ಎಂಡೋಸ್ಕೋಪಿ, ಸೂಕ್ಷ್ಮದರ್ಶಕದ ನೆರವಿನಿಂದ ಡಿಸ್ಕ್ ತುಣುಕು ತೆಗೆಯುವ ಮೈಕ್ರೋಡಿಸೆಕ್ಟಮಿಗೆ ಕಡಿಮೆಯಲ್ಲವೆಂದು 2022ರ ಡಚ್ ಪ್ರಯೋಗ ತೋರಿಸಿದೆ. ಹಾಗೆಂದು ಎಲ್ಲ ಡಿಸ್ಕ್‌ಗಳಿಗೂ ಅದೇ ದಾರಿಯಲ್ಲ. ಸೊಂಟದ ಕೊನೆಯ ಡಿಸ್ಕ್ ಇರುವ ಎಲ್5–ಎಸ್1ರಲ್ಲಿ ಸೊಂಟದ ಎಲುಬಿನ ಏಣು ಎತ್ತರವಿದ್ದರೆ ಪಕ್ಕದಿಂದ ಹೋಗಲಾಗದು, ಹಿಂದಿನಿಂದ ಲ್ಯಾಮಿನಾಗಳ (ಬೆನ್ನೆಲುಬಿನ ಹಿಂಬದಿಯ ಎಲುಬಿನ ಹಲಗೆಗಳ) ನಡುವೆ ಹೋಗಬೇಕು. ದೂರ ಜಾರಿದ ತುಣುಕು ಅಲ್ಲೇ ಉಳಿದುಬಿಡುವುದು ಇದರ ಮುಖ್ಯ ಸೋಲು. ಸಲೈನ್ ಹರಿವಿನ ಒತ್ತಡ ಹೆಚ್ಚಾದರೆ ಎಚ್ಚರವಿರುವ ರೋಗಿ ಕುತ್ತಿಗೆನೋವು ಎನ್ನುತ್ತಾನೆ. ಆ ಮಾತು ಕೇಳಿದ ಕೂಡಲೇ ಹರಿವು ನಿಲ್ಲಿಸಬೇಕು, ಇಲ್ಲದಿದ್ದರೆ ಫಿಟ್ಸ್ ಬರಬಹುದು. ಕೈ ಪಳಗಿದವರೇ ಎಂದು ವಿಚಾರಿಸುವುದು ಯಂತ್ರದ ಹೆಸರು ವಿಚಾರಿಸುವುದಕ್ಕಿಂತ ಮುಖ್ಯ.

ನ್ಯಾವಿಗೇಷನ್ನಿನ ದೌರ್ಬಲ್ಯ ಇರುವುದು ಎಲುಬಿಗೆ ಕಚ್ಚಿಸಿದ ರೆಫರೆನ್ಸ್ ಫ್ರೇಮಿನಲ್ಲಿ. ಅದಕ್ಕೆ ಯಾರದೋ ಮೊಣಕೈ ತಾಗಿದರೂ ಪರದೆಯ ಚಿತ್ರ ಅಂದವಾಗಿಯೇ ಇರುತ್ತದೆ, ಆದರೆ ಸ್ಕ್ರೂ ಬೇರೆಡೆ ಹೋಗುತ್ತದೆ. ಪ್ರತಿ ಹಂತದಲ್ಲೂ ಪಾಯಿಂಟರನ್ನು ಗೊತ್ತಿರುವ ಎಲುಬಿನ ಗುರುತಿಗೆ ತಾಗಿಸಿ ಪರದೆಯೊಡನೆ ತಾಳೆ ನೋಡಬೇಕು. ಫ್ರೇಮಿನಿಂದ ದೂರ ಹೋದಷ್ಟೂ ತಪ್ಪು ಬೆಳೆಯುತ್ತದೆ. ತಾಳೆಯಾಗದಿದ್ದರೆ ಮತ್ತೆ ಸ್ಕ್ಯಾನ್ ತೆಗೆದು ಮೊದಲಿನಿಂದ ಶುರುಮಾಡಬೇಕು.

ಪ್ರಶ್ನೆ: ಯಾವಾಗ ಸ್ಟಿರಾಯ್ಡ್ ಕೊಡಬೇಕು, ಯಾವಾಗ ಬೇಡ?

ಉತ್ತರ: ತಲೆಗಾಯಕ್ಕೆ ಬೇಡವೇ ಬೇಡ, 2004ರ ಕ್ರ್ಯಾಶ್ ಪ್ರಯೋಗದಲ್ಲಿ ಸಾವು ಹೆಚ್ಚಾಯಿತು. ಕ್ರಾನಿಕ್ ಸಬ್‌ಡ್ಯೂರಲ್‌ಗೆ ಡೆಕ್ಸಾಮೆಥಸೋನ್ ವಾಡಿಕೆಯಾಗಿ ಬೇಡ. 2020ರ ಪ್ರಯೋಗದಲ್ಲಿ ಮರುಶಸ್ತ್ರಚಿಕಿತ್ಸೆ ಕಡಿಮೆಯಾಯಿತು, ಆದರೆ ಆರು ತಿಂಗಳಿಗೆ ಒಳ್ಳೆಯ ಸ್ಥಿತಿಯಲ್ಲಿದ್ದವರು ಶೇ. 83.9 ಮಾತ್ರ, ಸುಳ್ಳುಮಾತ್ರೆಯ ಗುಂಪಿನಲ್ಲಿ ಶೇ. 90.3. ಬೆನ್ನುಹುರಿಯ ಗಾಯಕ್ಕೆ ಮೀಥೈಲ್‌ಪ್ರೆಡ್ನಿಸೊಲೋನ್ ವಾಡಿಕೆಯ ಚಿಕಿತ್ಸೆಯಲ್ಲ. ಎಂಟು ಗಂಟೆಯೊಳಗಿನ ಕೆಲವರಿಗೆ ಅದೊಂದು ಆಯ್ಕೆ ಎನ್ನುವವರಿದ್ದಾರೆ, ಬೇಡವೆನ್ನುವ ಮಾರ್ಗಸೂಚಿಯೂ ಇದೆ. ಅಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ರಕ್ತದೊತ್ತಡ ಬೀಳದಂತೆ ಕಾಯುವುದು ಮತ್ತು 24 ಗಂಟೆಯೊಳಗೆ ಒತ್ತಡ ತೆಗೆಯುವುದು. ಕ್ಯಾನ್ಸರ್ ಹರಡಿ ಬೆನ್ನುಹುರಿ ಒತ್ತಿದ್ದರೆ ಮಾತ್ರ ದಿನಕ್ಕೆ 16 ಮಿಗ್ರಾಂ ಡೆಕ್ಸಾಮೆಥಸೋನ್ ಕೂಡಲೇ ಶುರುಮಾಡಿ. ಆದರೆ ಲಿಂಫೋಮಾದ ಅನುಮಾನವಿದ್ದು ನರದೌರ್ಬಲ್ಯ ಇಲ್ಲದಿದ್ದರೆ ಮೊದಲು ಬಯಾಪ್ಸಿ ಮಾಡಿಸಿ. ಸ್ಟಿರಾಯ್ಡ್ ಕೊಟ್ಟರೆ ಗಡ್ಡೆ ಕರಗಿ ರೋಗನಿರ್ಣಯವೇ ಕೈತಪ್ಪಬಹುದು.