ನಗರಸಭೆಯವರು "ಅನುದಾನ ಬಂದಿಲ್ಲ" ಎಂದರೆ ಬೀದಿಯವರು ಏನು ಮಾಡಬೇಕು?

ನಿಮ್ಮ ಪ್ರಶ್ನೆ ಇಷ್ಟು: ಬೀದಿಯ ಚರಂಡಿಗಾಗಿ ಎರಡು ವರ್ಷದಿಂದ ನಗರಸಭೆಗೆ ಅರ್ಜಿ ಕೊಡುತ್ತಿದ್ದೀರಿ, ಪ್ರತಿ ಸಲವೂ "ಅನುದಾನ ಬಂದಿಲ್ಲ" ಎನ್ನುತ್ತಾರೆ. ಅತ್ತ ಪಕ್ಕದ ಬಡಾವಣೆಯಲ್ಲಿ ಚೆನ್ನಾಗಿಯೇ ಇದ್ದ ರಸ್ತೆಗೆ ಮತ್ತೆ ಡಾಂಬರು ಬಿತ್ತು. ಇದು ಹೇಗೆ?

ಆ ಮಾತಿಗೆ ಸಾಮಾನ್ಯವಾಗಿ ಇರುವ ಅರ್ಥ, ನಿಮ್ಮ ಚರಂಡಿ ಈ ವರ್ಷದ ಯಾವ ಕ್ರಿಯಾಯೋಜನೆಯಲ್ಲೂ, ಅಂದರೆ ಆ ವರ್ಷ ಮಾಡಬೇಕಾದ ಕಾಮಗಾರಿಗಳ ಪಟ್ಟಿಯಲ್ಲೂ, ಇಲ್ಲ ಎಂದು. ನಗರಸಭೆಗೆ ಬರುವ ಹಣ ಒಂದೇ ಹುಂಡಿಗೆ ಬೀಳುವುದಿಲ್ಲ, ಪ್ರತಿಯೊಂದಕ್ಕೂ ಅದರದ್ದೇ ಬಾಬ್ತು, ಅದರದ್ದೇ ಷರತ್ತು. ರಾಜ್ಯ ಹಣಕಾಸು ಆಯೋಗದ (ಎಸ್‌ಎಫ್‌ಸಿ) ಮುಕ್ತನಿಧಿ, ಕೇಂದ್ರ ಹಣಕಾಸು ಆಯೋಗದ ಅನುದಾನ, ರಾಜ್ಯ ಸರ್ಕಾರದ ನಗರೋತ್ಥಾನ ಯೋಜನೆ, ಶಾಸಕರ ಪ್ರದೇಶಾಭಿವೃದ್ಧಿ ನಿಧಿ, ಜತೆಗೆ ಮನೆ ಕಂದಾಯದಂಥ ಸ್ವಂತ ವರಮಾನ. ಇವುಗಳಲ್ಲಿ ಕೆಲವದರಲ್ಲಿ ಶೇ. 24.10 ಪರಿಶಿಷ್ಟರಿಗೆ, ಶೇ. 7.25 ಇತರೆ ಬಡವರಿಗೆ, ಶೇ. 5 ಅಂಗವಿಕಲರಿಗೆ ಎಂದು ಮೀಸಲಿಡುವ ಪಾಲೂ ಇರುತ್ತದೆ. 15ನೇ ಹಣಕಾಸು ಆಯೋಗದ 2021-26ರ ಅವಧಿಯಲ್ಲಿ ಚಿಕ್ಕ ನಗರಗಳಿಗೆ ಕೊಟ್ಟ ಹಣದಲ್ಲಿ ಶೇ. 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿದ್ದು. ಅದನ್ನು ರಸ್ತೆ ಡಾಂಬರಿಗೆ ಹಾಕುವಂತಿಲ್ಲ. ಹಾಗಾಗಿ ಪಕ್ಕದ ರಸ್ತೆ ಬೇರೆ ಬಾಬ್ತಿನಿಂದ ಆಗಿರಬಹುದು, ಆ ದುಡ್ಡು ನಿಮ್ಮ ಚರಂಡಿಗೆ ಬರುವಂಥದ್ದೇ ಅಲ್ಲದಿರಬಹುದು. ಮೊದಲು ಕೇಳಬೇಕಾದ್ದು ಇದನ್ನೇ: ಯಾವ ಲೆಕ್ಕಶೀರ್ಷಿಕೆ (ಅಂದರೆ ಯಾವ ಬಾಬ್ತಿನ ಹಣ), ಯಾವ ವರ್ಷದ ಕ್ರಿಯಾಯೋಜನೆ, ಕ್ರಮ ಸಂಖ್ಯೆ ಎಷ್ಟು?

ಅದಕ್ಕೂ ಮುಂಚೆ ಇನ್ನೊಂದು ಖಚಿತಪಡಿಸಿಕೊಳ್ಳಿ. ನಿಮ್ಮ ಬಡಾವಣೆ ನಗರಸಭೆಗೆ ಹಸ್ತಾಂತರವಾಗಿದೆಯೇ? ಖಾಸಗಿಯವರು ಅಥವಾ ನಗರಾಭಿವೃದ್ಧಿ ಪ್ರಾಧಿಕಾರ ಮಾಡಿದ ಬಡಾವಣೆ ಕಾಗದದ ಮೇಲೆ ಹಸ್ತಾಂತರ ಆಗದಿದ್ದರೆ ಅಲ್ಲಿ ಖರ್ಚು ಮಾಡಲು ಎಂಜಿನಿಯರ್ ಹಿಂಜರಿಯುತ್ತಾರೆ, ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬರುತ್ತದೆ. ಮುಖ್ಯರಸ್ತೆಯ ಪಕ್ಕದ ಚರಂಡಿಯಾದರೆ ರಸ್ತೆ ಲೋಕೋಪಯೋಗಿ ಇಲಾಖೆಯದ್ದಾಗಿರಲೂಬಹುದು. ಎಷ್ಟೋ ಅರ್ಜಿಗಳು ಕೊಳೆಯುವುದು ಇಲ್ಲೇ, ಆದರೆ ಅರ್ಜಿದಾರರಿಗೆ ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇದು ನನಗೆ ಬಹಳ ಅನ್ಯಾಯ ಅನಿಸುತ್ತದೆ.

ಇನ್ನು ಅರ್ಜಿ. "ನಮ್ಮ ಬೀದಿಗೆ ಮೂಲಸೌಕರ್ಯ ಕಲ್ಪಿಸಿಕೊಡಿ" ಎಂದು ಬರೆದರೆ ಅದರಿಂದ ಅಂದಾಜು ಪಟ್ಟಿ, ಅಂದರೆ ಎಂಜಿನಿಯರ್ ಹಾಕುವ ಕೆಲಸ ಮತ್ತು ಖರ್ಚಿನ ಲೆಕ್ಕ, ಹುಟ್ಟುವುದಿಲ್ಲ. ಒಂದು ಅರ್ಜಿಗೆ ಒಂದೇ ಕೆಲಸ. ಚರಂಡಿ ಯಾವ ಮನೆಯಿಂದ ಯಾವ ಮೋರಿಯವರೆಗೆ, ಟೇಪು ಹಿಡಿದು ಅಳೆದ ಉದ್ದ ಎಷ್ಟು ಮೀಟರ್, ಎಷ್ಟು ಮನೆಗಳ ನೀರು ಅದಕ್ಕೆ ಬೀಳುತ್ತದೆ, ಮಳೆ ಬಂದಾಗ ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ, ಕೊನೆಗೆ ಯಾವ ರಾಜಕಾಲುವೆಗೆ ಸೇರಬೇಕು, ಇಷ್ಟನ್ನೂ ಬರೆಯಿರಿ. ಮಳೆಯ ದಿನವೇ ತೆಗೆದ, ದಿನಾಂಕವಿರುವ ಫೋಟೊ ಲಗತ್ತಿಸಿ. ಪೌರಾಯುಕ್ತರ ಹೆಸರಿಗೆ ಕೊಟ್ಟು, ಟಪಾಲು ವಿಭಾಗದಲ್ಲಿ ಸೀಲು ಮತ್ತು ಇನ್‌ವರ್ಡ್ ನಂಬರ್ ಇರುವ ಸ್ವೀಕೃತಿ ಪಡೆಯದೆ ಬರಬೇಡಿ. ಒಂದು ಪ್ರತಿ ವಾರ್ಡ್ ಸದಸ್ಯರಿಗೂ ಇರಲಿ, ಏಕೆಂದರೆ ಕಾಮಗಾರಿ ಪಟ್ಟಿ ಸಾಮಾನ್ಯ ಸಭೆಗೆ ಬಂದಾಗ ಅಲ್ಲಿ ಬಾಯಿ ತೆರೆಯಬೇಕಾದವರು ಅವರು. ಕೊಳಚೆ ನಿಂತು ಕಾಯಿಲೆಯ ಭಯವಿದ್ದರೆ ಅದನ್ನೂ ಬರೆದು, ನೈರ್ಮಲ್ಯದ ಬಾಬ್ತಿನಲ್ಲಿ ತೆಗೆದುಕೊಳ್ಳಲು ಆಗುತ್ತದೆಯೇ ಎಂದು ಎಂಜಿನಿಯರ್ ಬಳಿಯೇ ಕೇಳಿ.

ಸಮಯವೂ ಮುಖ್ಯ. ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಶುರು. ಬಜೆಟ್ ಪೂರ್ವಭಾವಿ ಸಭೆಗಳು ಅದಕ್ಕೆ ಮುಂಚೆ, ಚಳಿಗಾಲದಲ್ಲಿ ನಡೆಯುತ್ತವೆ. ಕ್ರಿಯಾಯೋಜನೆ ಸಭೆಯಲ್ಲಿ ನಿರ್ಣಯವಾಗಿ ಜಿಲ್ಲಾಧಿಕಾರಿಗಳ ಅನುಮೋದನೆಗೆ ಹೋದ ಮೇಲೆ ಹೊಸ ಕೆಲಸ ತೂರಿಸುವುದು ಕಷ್ಟ. ಮಳೆಗಾಲದಲ್ಲಿ ನೀರು ನುಗ್ಗಿದಾಗ ಕೊಟ್ಟ ಅರ್ಜಿಯನ್ನು ಡಿಸೆಂಬರ್‌ನಲ್ಲಿ ಹಳೆಯ ಇನ್‌ವರ್ಡ್ ನಂಬರ್ ಸಮೇತ ಮತ್ತೆ ನೆನಪಿಸಿ.

ಉತ್ತರ ಬಾರದಿದ್ದರೆ 1902ಕ್ಕೆ ಕರೆ ಮಾಡಿ ರಾಜ್ಯ ಸರ್ಕಾರದ ಕುಂದುಕೊರತೆ ವ್ಯವಸ್ಥೆಯಾದ ಜನಸ್ಪಂದನದಲ್ಲಿ ದೂರು ದಾಖಲಿಸಬಹುದು. ಹೂಳೆತ್ತುವಂಥ ಸಣ್ಣ ಕೆಲಸಕ್ಕೆ ಅದು ಸಾಕು. ಹೊಸ ಕಾಮಗಾರಿಗೆ ಸಾಲದು, "ಅನುದಾನ ಲಭ್ಯವಾದಾಗ ಕ್ರಮ" ಎಂದು ಬರೆದು ಮುಗಿಸಿಬಿಡುತ್ತಾರೆ. ಅಲ್ಲಿ ಮಾಹಿತಿ ಹಕ್ಕು ಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಶುಲ್ಕ 10 ರೂಪಾಯಿ. "ಏಕೆ ಮಾಡಿಲ್ಲ" ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ತಿರಸ್ಕರಿಸುತ್ತಾರೆ. ದಾಖಲೆಯ ಹೆಸರು ಹೇಳಿ ಕೇಳಿ: ಇಂಥ ವರ್ಷದ ಕ್ರಿಯಾಯೋಜನೆಯ ಪ್ರತಿ. ಪಕ್ಕದ ರಸ್ತೆಗೆ ಬೇರೆಯೇ ಅರ್ಜಿ ಹಾಕಿ: ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಅಂದರೆ ಎಂ.ಬಿ. ಪುಟಗಳು, ಪಾವತಿಸಿದ ಬಿಲ್ಲು. ಅದೇ ರಸ್ತೆಗೆ ಹಿಂದೆ ಯಾವಾಗ ಡಾಂಬರು ಹಾಕಿದರು, ಕೆಟ್ಟರೆ ಆಗಿನ ಗುತ್ತಿಗೆದಾರರೇ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕಾದ ಹೊಣೆಗಾರಿಕೆ ಅವಧಿ ಮುಗಿದಿತ್ತೇ ಎಂಬುದು ಇದರಿಂದಲೇ ಬಯಲಾಗುತ್ತದೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. 2005ರ ಕಾಯ್ದೆ ಕಾಮಗಾರಿಯನ್ನೇ ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಟ್ಟಿದೆ. ಇದನ್ನು ಬಳಸುವವರು ಕಡಿಮೆ.

ಕೆಲಸ ಮಂಜೂರಾಯಿತು ಅಂದುಕೊಳ್ಳಿ. ಟೆಂಡರ್‌ಗೆ ಮುಂಚೆಯೇ ಅಂದಾಜು ಪಟ್ಟಿ ನೋಡಿ, ಆಮೇಲೆ ಬದಲಾವಣೆ ಮಾಡಿಸುವುದು ಸುಲಭವಲ್ಲ. ಮುಖ್ಯವಾಗಿ ಇಳಿಜಾರು. 1:200ರ ಇಳಿಜಾರೆಂದರೆ 100 ಮೀಟರಿಗೆ ಅರ್ಧ ಮೀಟರ್ ತಗ್ಗು ಬೇಕು. ಕೊನೆಯಲ್ಲಿ ಸೇರುವ ಮೋರಿಯ ತಳ ಅದಕ್ಕಿಂತ ಎತ್ತರದಲ್ಲಿದ್ದರೆ ಎಷ್ಟು ಚೆಂದದ ಕಾಂಕ್ರೀಟ್ ಹಾಕಿದರೂ ನೀರು ಹಿಂದಕ್ಕೇ ಬರುತ್ತದೆ. ಹಣಕ್ಕೆ ತಕ್ಕಂತೆ ಉದ್ದ ಕತ್ತರಿಸಿ, ಚರಂಡಿಯನ್ನು ಬೀದಿಯ ನಡುವೆಯೇ ನಿಲ್ಲಿಸುವುದು ಎಲ್ಲಕ್ಕಿಂತ ಕೆಟ್ಟದ್ದು: ಇಡೀ ಬೀದಿಯ ನೀರು ಆ ಕೊನೆಯ ಮನೆಯ ಮುಂದೆ ಬಂದು ಬೀಳುತ್ತದೆ. ಹಣ ಕಡಿಮೆ ಇದ್ದರೆ ಮೋರಿಯ ಕಡೆಯಿಂದ ಮೇಲಕ್ಕೆ ಕಟ್ಟಿಕೊಂಡು ಬರಲಿ ಎಂದು ಪಟ್ಟು ಹಿಡಿಯಿರಿ. ಮೇಲಿನ ಚಪ್ಪಡಿ, ಗೇಟಿನ ಮುಂದಿನ ದಾಟು, ಅಡ್ಡ ಬರುವ ನಲ್ಲಿ ಪೈಪಿನ ಸ್ಥಳಾಂತರ, ಇವು ಪಟ್ಟಿಯಲ್ಲಿ ಇವೆಯೇ ನೋಡಿ. ಪಟ್ಟಿಯಲ್ಲಿ ಇಲ್ಲದ್ದನ್ನು ಗುತ್ತಿಗೆದಾರರು ಮಾಡುವುದಿಲ್ಲ, ಮಾಡಬೇಕಿಲ್ಲ ಕೂಡ.

ಕಾಂಕ್ರೀಟ್‌ಗೆ ಕನಿಷ್ಠ 7 ದಿನ ನೀರುಣಿಸಬೇಕು. ತಪ್ಪು ಕಂಡರೆ ಬಾಯಲ್ಲಿ ಜಗಳವಾಡದೆ, ಅಂತಿಮ ಬಿಲ್ಲಿಗೆ ಸಹಿ ಬೀಳುವ ಮೊದಲು ಪೌರಾಯುಕ್ತರಿಗೂ ಜಿಲ್ಲಾ ನಗರಾಭಿವೃದ್ಧಿ ಕೋಶಕ್ಕೂ ಫೋಟೊ ಸಹಿತ ಲಿಖಿತ ದೂರು ಕೊಡಿ. ಕಾರ್ಯಾದೇಶದ ಪ್ರತಿಯಲ್ಲಿ ದೋಷ ಹೊಣೆಗಾರಿಕೆ ಅವಧಿ ಎಷ್ಟೆಂದು ನೋಡಿ ಬೀದಿಯವರೆಲ್ಲ ಬರೆದಿಟ್ಟುಕೊಳ್ಳಿ; ಗೋಡೆ ಬಿರುಕು ಬಿಟ್ಟರೆ ಗುತ್ತಿಗೆದಾರರ ಖರ್ಚಿನಲ್ಲೇ ಸರಿಪಡಿಸಬೇಕು, ಆದರೆ ಆ ದೂರು ಅವಧಿಯೊಳಗೆ ಇನ್‌ವರ್ಡ್ ಆಗಿರಬೇಕು.