ವಿಕಿಸೋರ್ಸ್ ಎಂಬ ಅಂತರ್ಜಾಲದ ಉಚಿತ ಗ್ರಂಥಾಲಯದಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳು ಕರಡು ತಿದ್ದದೇ ರಾಶಿ ಬಿದ್ದಿವೆ. ನಾವೊಂದಿಷ್ಟು ಜನ ಸೇರಿ ಎಲ್ಲಿಂದ ಶುರು ಮಾಡೋಣ?

ಮೊದಲು ಹೊಸ ಪುಸ್ತಕ ಸೇರಿಸುವುದನ್ನು ಸದ್ಯಕ್ಕೆ ನಿಲ್ಲಿಸಿ. ಸ್ಕ್ಯಾನ್ ಏರಿಸುವುದು ಬೇಗ ಆಗುತ್ತದೆ, ತಿದ್ದಲು ತಿಂಗಳುಗಟ್ಟಲೆ ಬೇಕು. ರಾಶಿ ಬೆಳೆಯುವುದೇ ಹೀಗೆ.

ಆಮೇಲೆ ಪ್ರತಿ ಪುಸ್ತಕದ ಪುಟಪಟ್ಟಿಯ ಬಣ್ಣ ನೋಡಿ. ಕೆಂಪು ಅಂದರೆ ಇನ್ನೂ ತಿದ್ದಿಲ್ಲ. ಹಳದಿ ಅಂದರೆ ಒಬ್ಬರು ತಿದ್ದಿದ್ದಾರೆ. ಹಸಿರು ಅಂದರೆ ಇನ್ನೊಬ್ಬರೂ ನೋಡಿ ಒಪ್ಪಿದ್ದಾರೆ. ತಾನೇ ಹಳದಿ ಮಾಡಿದ್ದನ್ನು ತಾನೇ ಹಸಿರು ಮಾಡುವ ಹಾಗಿಲ್ಲ. ಅದಕ್ಕೇ ಇಬ್ಬಿಬ್ಬರು ಒಂದೇ ಪುಸ್ತಕ ಹಿಡಿಯಿರಿ, ಹಳದಿ ಜಾಸ್ತಿ ಇರುವುದನ್ನು ಮೊದಲು ಮುಗಿಸಿ. ಕೋಷ್ಟಕ ತುಂಬಿದ ಪುಸ್ತಕ ಹೊಸಬರಿಗೆ ಕೊಡಬೇಡಿ, ಸುಮ್ನೆ ಬೇಸತ್ತು ಬಿಟ್ಟುಬಿಡುತ್ತಾರೆ. ಕಥೆ, ಪ್ರಬಂಧ ಕೊಡಿ. ನಡುವೆ ಪುಟ ತಪ್ಪಿಹೋಗಿದೆಯಾ ಅಂತ ಶುರುವಿನಲ್ಲೇ ನೋಡಿಕೊಳ್ಳಿ.

ಸ್ಕ್ಯಾನ್ ಚಿತ್ರದ ಅಕ್ಷರಗಳನ್ನು ಓದಿ ಪಠ್ಯವಾಗಿಸುವ ತಂತ್ರಾಂಶ, ಅಂದರೆ ಓಸಿಆರ್, ಎಡವುವುದು ಹೆಚ್ಚಾಗಿ ಒತ್ತಕ್ಷರದಲ್ಲಿ, ಪ-ಷ, ದ-ಧಗಳಲ್ಲಿ. ತುಂಬ ಕಾಡುವುದು ಸೊನ್ನೆ. ‘ಂ’ ಇರಬೇಕಾದ ಕಡೆ ಅಂಕಿಯ ‘೦’ ಕೂತಿದ್ದರೆ ಓದುವವರಿಗೆ ಗೊತ್ತೇ ಆಗುವುದಿಲ್ಲ, ಆದರೆ ಹುಡುಕಿದಾಗ ಆ ಪದ ಸಿಗುವುದಿಲ್ಲ. ಒಟ್ಟಿಗೆ ಬದಲಿಸಲು ಹೋದರೆ ನಿಜವಾದ ಇಸವಿ, ಅಂಕಿಗಳೂ ಕೆಡುತ್ತವೆ, ಹಾಗಾಗಿ ಒಂದೊಂದಾಗಿ ನೋಡಿ. ಹಳೆಯ ಕಾಗುಣಿತವನ್ನು ಮಾತ್ರ ಈಗಿನದಕ್ಕೆ ತಿದ್ದಬೇಡಿ. ಅಚ್ಚಿನಲ್ಲಿ ಹೇಗಿದೆಯೋ ಹಾಗೇ ಇರಲಿ.